ಬಂಡೆಗೆ ಬೇಲಿ ಇದ್ದರೆ ಸಾಲದು, ದಾರಿಯೂ ಬೇಕು

ಬಳಗಾನೂರು ಸೀಮೆಯವರಿಗೆ ಮಸ್ಕಿ ಎಂದರೆ ತಾಲ್ಲೂಕು ಕೇಂದ್ರ. ಕಚೇರಿ ಕೆಲಸ, ಗೊಬ್ಬರ-ಬೀಜದ ಅಂಗಡಿ, ಗುಡ್ಡದ ಮೇಲಿನ ಮಲ್ಲಿಕಾರ್ಜುನ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಇತಿಹಾಸ ಓದಿದವರಿಗೆ ಅದೇ ಊರು ಇನ್ನೊಂದು ಕಾರಣಕ್ಕೆ ದೊಡ್ಡದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದ ಮೇಲೂ ಒಂದು ತೊಡಕು ಉಳಿದಿತ್ತು. ದೇಶದುದ್ದಕ್ಕೂ ಬಂಡೆ, ಕಂಬಗಳ ಮೇಲೆ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡ ಅರಸ ಯಾರೆಂದು ಹೇಳಲು ಸಿಂಹಳದ ಬೌದ್ಧ ಗ್ರಂಥಗಳನ್ನೇ ನಂಬಬೇಕಿತ್ತು. ನಿಜಾಮರ ಸಂಸ್ಥಾನದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ 1915ರ ಜನವರಿಯಲ್ಲಿ ಮಸ್ಕಿ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಗುರುತಿಸಿದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದಾಗ ಮೊದಲ ಸಾಲಿನಲ್ಲೇ ಅಶೋಕ ಎಂಬ ಹೆಸರು ಇತ್ತು. ಮುಕ್ಕಾಲು ಶತಮಾನದ ಊಹೆಗೆ ಮಸ್ಕಿಯ ಬಂಡೆ ಸಾಕ್ಷಿ ನುಡಿಯಿತು. ಆ ಬಂಡೆ ಇಂದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ರಕ್ಷಣೆ ಬೇಕೇ ಬೇಕು. ಆದರೆ ಹಳ್ಳಿಗಾಡಿನ ಹಳೆಯ ಪುಣ್ಯಸ್ಥಳಗಳು ಬದುಕುವುದು ಬೇಲಿಯಿಂದಲ್ಲ, ಜನ ಅಲ್ಲಿಗೆ ಹೋಗುವುದರಿಂದ. ಅದೂ ಒಂದೇ ಜಾಗಕ್ಕೆ ಬಂದು ಫೋಟೊ ತೆಗೆದು ಹೊರಡುವುದರಿಂದಲ್ಲ, ಒಂದರಿಂದ ಇನ್ನೊಂದಕ್ಕೆ ಸಾಗುವ ಯಾತ್ರೆಯಿಂದ. ಮಸ್ಕಿಗೆ ಬೇಲಿ ಸಿಕ್ಕಿದೆ, ಯಾತ್ರೆ ಸಿಕ್ಕಿಲ್ಲ.

ಈ ಮಾತಿಗೆ ಒಳ್ಳೆಯ ಆಧಾರ ಜಪಾನಿನ ಹಳ್ಳಿಗಾಡಿನಲ್ಲಿದೆ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಅತಿ ಚಿಕ್ಕದಾದ ಶಿಕೊಕುವಿನಲ್ಲಿ 88 ಬೌದ್ಧ ದೇವಾಲಯಗಳನ್ನು ಸುತ್ತುವ ಯಾತ್ರೆಯೊಂದು ಶತಮಾನಗಳಿಂದ ನಡೆದುಬಂದಿದೆ. ದಾರಿಯ ಉದ್ದ ಸುಮಾರು 1,200 ಕಿಲೋಮೀಟರ್. ಅದೇ ದ್ವೀಪದಲ್ಲಿ 774ರಲ್ಲಿ ಹುಟ್ಟಿದ ಕೂಕಾಯ್ ಎಂಬ ಗುರುವಿನ ನೆನಪಿಗೆ ಜನ ಇದನ್ನು ನಡೆಯುತ್ತಾರೆ. ಈ 88ರಲ್ಲಿ ಹೆಚ್ಚಿನವು ಭವ್ಯ ದೇವಾಲಯಗಳೇನೂ ಅಲ್ಲ. ಗುಡ್ಡದ ಮೇಲೊಂದು, ಗದ್ದೆಯ ಅಂಚಿನಲ್ಲೊಂದು, ಕಡಲ ದಂಡೆಯಲ್ಲೊಂದು ಇವೆ. ಬಿಡಿಬಿಡಿಯಾಗಿ ಇದ್ದಿದ್ದರೆ ಅವುಗಳಲ್ಲಿ ಎಷ್ಟೋ ಪಾಳು ಬೀಳುತ್ತಿದ್ದವು. ದಾರಿಯೊಂದು ಅವನ್ನೆಲ್ಲ ಪೋಣಿಸಿದ್ದರಿಂದ 37ನೆಯ ಗುಡಿಗೆ ಬಂದವನು 38ನೆಯದಕ್ಕೆ ಹೋಗಲೇಬೇಕು. ಬಿಳಿ ಅಂಗಿ, ಕೈಯಲ್ಲಿ ಕೋಲು, ಹೆಗಲಲ್ಲಿ ಒಂದು ಪುಸ್ತಕ ಇವೇ ಯಾತ್ರಿಕನ ಗುರುತು. ಪ್ರತಿ ಗುಡಿಯಲ್ಲೂ ಅರ್ಚಕರು ಆ ಪುಸ್ತಕದಲ್ಲಿ ಕುಂಚದಿಂದ ಬರೆದು ಕೆಂಪು ಮುದ್ರೆ ಒತ್ತಿಕೊಡುತ್ತಾರೆ. ಪುಟದ ನಡುವೆ ಆ ಗುಡಿಯ ದೇವತೆಯ ಬೀಜಾಕ್ಷರವನ್ನು ಸಿದ್ಧಂ ಲಿಪಿಯಲ್ಲಿ ಬರೆಯುವ ರೂಢಿಯೂ ಇದೆ. ಚೀನಾದಲ್ಲಿ ಕಲಿತು 806ರಲ್ಲಿ ಮರಳಿದ ಕೂಕಾಯ್ ತಂದ ವಿದ್ಯೆಗಳಲ್ಲಿ ಆ ಲಿಪಿಯ ಅಭ್ಯಾಸವೂ ಒಂದು. ಸಿದ್ಧಂ ಹುಟ್ಟಿದ್ದು ಬ್ರಾಹ್ಮಿಯ ವಂಶದಲ್ಲಿ, ನಮ್ಮ ಕನ್ನಡ ಅಕ್ಷರಗಳು ಹುಟ್ಟಿದ್ದೂ ಅದೇ ವಂಶದಲ್ಲಿ. ಮಸ್ಕಿಯ ಬಂಡೆಯ ಮೇಲಿನ ಬರಹದ ಕುಡಿಯೊಂದು ಜಪಾನಿನ ಹಳ್ಳಿಯ ಗುಡಿಯಲ್ಲಿ ಈಗಲೂ ಕೈಬರಹವಾಗಿ ಬಳಕೆಯಲ್ಲಿದೆ, ಅದನ್ನು ಪಡೆಯಲು ಜನ ನೂರಾರು ಮೈಲಿ ನಡೆಯುತ್ತಾರೆ ಎಂಬುದು ಈ ಭಾಗದವರು ತಿಳಿದಿರಬೇಕಾದ ಸಂಗತಿ.

ನಮ್ಮಲ್ಲಿ ಪೋಣಿಸಲು ಏನಿದೆ ಎಂದು ಕೇಳಬಹುದು. ನಕ್ಷೆ ಬಿಡಿಸಿ ನೋಡಿದರೆ ಸಾಕು. ಜೇವರ್ಗಿಯಿಂದ ಚಾಮರಾಜನಗರದ ಕಡೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ, ತುಂಗಭದ್ರೆಯನ್ನು ಹಾದು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆಗಳ ಮೂಲಕ ಸಾಗುತ್ತದೆ. ಕರ್ನಾಟಕದಲ್ಲಿ ಸಿಕ್ಕಿರುವ ಅಶೋಕನ ಶಾಸನಗಳು ಹೆಚ್ಚುಕಡಿಮೆ ಇದೇ ದಾರಿಯ ಎರಡು ಮಗ್ಗುಲಲ್ಲಿವೆ. ಉತ್ತರದ ತುದಿಯಲ್ಲಿ ಭೀಮಾ ದಂಡೆಯ ಸನ್ನತಿ, ನಡುವೆ ಮಸ್ಕಿ, ಹೊಳೆ ದಾಟಿದರೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೊಳ. ಅಲ್ಲಿಂದ ಕೆಳಗೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಪಶ್ಚಿಮಕ್ಕೆ ಹೊರಳಿದರೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು. ಅಶೋಕನನ್ನು ಹೆಸರು ಹಿಡಿದು ಕರೆಯುವ ಬಂಡೆ ಶಾಸನಗಳು ಇರುವುದು ಮಸ್ಕಿ, ನಿಟ್ಟೂರು, ಉಡೇಗೊಳ ಮತ್ತು ಮಧ್ಯಪ್ರದೇಶದ ಗುಜರ್ರಾಗಳಲ್ಲಿ. ಈ ನಾಲ್ಕರಲ್ಲಿ ಮೂರು ತುಂಗಭದ್ರೆಯ ಆಚೀಚೆ ಇವೆ. ಬಳಗಾನೂರಿನಿಂದ ಬೆಳಿಗ್ಗೆ ಹೊರಟವರು ಈ ಮೂರನ್ನೂ ನೋಡಿ ಸಂಜೆಗೆ ಮನೆ ಸೇರಬಹುದು. ದಾರಿಯ ಬದಿಗೆ ಸರಿದರೆ ನೋಡುವುದು ಇನ್ನೂ ಇದೆ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್ 1950ರ ದಶಕದ ಆರಂಭದಲ್ಲಿ ಅಗೆದು ತೋರಿಸಿದ ನವಶಿಲಾಯುಗದ ನೆಲೆ, ಬಂಡೆಚಿತ್ರಗಳು ಇವೆ. ಹಟ್ಟಿಯಲ್ಲಿ ಪ್ರಾಚೀನರು ಚಿನ್ನಕ್ಕಾಗಿ ತೋಡಿದ ಗಣಿಗಳಿವೆ. ಮಸ್ಕಿಯಲ್ಲೇ 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ನಡೆಸಿ, ಶಾಸನಕ್ಕಿಂತ ಎಷ್ಟೋ ಹಿಂದಿನಿಂದ ಅಲ್ಲಿ ಜನವಸತಿ ಇದ್ದುದನ್ನು ಪದರ ಪದರವಾಗಿ ತೋರಿಸಿದರು.

ಯಾತ್ರೆ ಎಂಬ ಕಲ್ಪನೆಯನ್ನು ನಾವು ಈ ಬಂಡೆಗಳ ಮೇಲೆ ಹೊರಗಿನಿಂದ ಹೇರಬೇಕಾದ ಅಗತ್ಯವೂ ಇಲ್ಲ. ಅದು ಅವುಗಳೊಳಗೇ ಇದೆ. ಬೇಟೆ, ವಿಹಾರಗಳ ರಾಜಯಾತ್ರೆಯನ್ನು ಬಿಟ್ಟು ಧರ್ಮಯಾತ್ರೆಗೆ ತೊಡಗಿದೆನೆಂದು ಅಶೋಕ ತನ್ನ ಎಂಟನೆಯ ಬಂಡೆ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅರಸ ಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂಬುದು ಹಲವು ವಿದ್ವಾಂಸರ ಓದು. ಮಸ್ಕಿಯ ಶಾಸನ ಎಂಟೇ ಸಾಲು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಮೊದಲಿಗೆ ಅಷ್ಟು ಶ್ರದ್ಧೆ ಇರಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಪಟ್ಟೆ ಎಂದು ಅರಸನೇ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಧರ್ಮದಲ್ಲಿ ನಡೆದರೆ ಸಣ್ಣವರೂ ಈ ಗುರಿಯನ್ನು ಮುಟ್ಟಬಲ್ಲರು, ದೊಡ್ಡವರಿಗಷ್ಟೇ ಸಾಧ್ಯವೆಂದು ತಿಳಿಯಬೇಡಿ, ಇಬ್ಬರಿಗೂ ಈ ಮಾತು ತಿಳಿಸಿ ಎಂಬುದು ಅದರ ತಿರುಳು. ಅಧಿಕಾರಿಗಳ ಕಡತಕ್ಕೆಂದು ಬರೆಸಿದ ಮಾತಲ್ಲ ಇದು. ಗುಡ್ಡದ ತಪ್ಪಲಿನಲ್ಲಿ ದನ ಮೇಯಿಸುವವರಿಗೆ, ಚಿನ್ನ ತೋಡುವವರಿಗೆ, ದಾರಿಹೋಕರಿಗೆ ಯಾರಾದರೂ ಓದಿ ಹೇಳಲಿ ಎಂದು ಬರೆಸಿದ್ದು. ಓದಿ ಹೇಳುವವರು ಇಲ್ಲದ ಬಂಡೆ ಎಷ್ಟೇ ಭದ್ರವಾಗಿದ್ದರೂ ತನ್ನ ಕೆಲಸ ಮಾಡುತ್ತಿಲ್ಲ ಎಂದೇ ಹೇಳಬೇಕು. ಬ್ರಹ್ಮಗಿರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಾಕೃತ ಬರಹವೆಲ್ಲ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಸಾಗಿ ಮುಗಿದ ಮೇಲೆ, ಬರೆದವನು ತನ್ನ ಹೆಸರು ಚಪಡ ಎಂದು ಹೇಳಿ, ಲಿಪಿಕಾರ ಎಂಬ ಒಂದು ಪದದ ಭಾಗವನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಗಾಂಧಾರದ ಕಡೆಯ ಬರವಣಿಗೆ ಬಲ್ಲವನೊಬ್ಬ ಮೊಳಕಾಲ್ಮೂರಿನ ಬಂಡೆಯ ಮುಂದೆ ಉಳಿ ಹಿಡಿದು ಕೂತಿದ್ದ. ಆ ಕೆಲವು ಅಕ್ಷರಗಳನ್ನು ಬೆರಳು ಮಾಡಿ ತೋರಿಸಿದರೆ ಎಂಟನೆಯ ತರಗತಿಯ ಮಕ್ಕಳಿಗೆ ಮೌರ್ಯ ಸಾಮ್ರಾಜ್ಯದ ಹರವು ತಿಳಿಯುತ್ತದೆ, ಪಾಠಪುಸ್ತಕದ ನಕ್ಷೆ ಅಷ್ಟು ತಿಳಿಸಲಾರದು.

ಇದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು. ಶಿಕೊಕುವಿನದು ಪೂಜೆ ನಡೆಯುವ ಗುಡಿಗಳು, ಮಸ್ಕಿಯದು ಅರಸನೊಬ್ಬನ ಪ್ರಕಟಣೆ. ಪೂಜೆಯಿಲ್ಲದ ಕಲ್ಲಿಗೆ ಯಾತ್ರೆ ಹೇಗೆ? ಈ ಪ್ರಶ್ನೆಗೆ ಸನ್ನತಿಯೇ ಉತ್ತರ ಕೊಟ್ಟಿದೆ. ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯಿದೆ, ಈ ಭಾಗದ ಎಷ್ಟೋ ಮನೆತನಗಳ ಕುಲದೇವತೆ ಆಕೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿದುಬಿತ್ತು. ಮಣ್ಣುಕಲ್ಲು ತೆಗೆದು ನೋಡಿದಾಗ ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳಿದ್ದವು. ಅವುಗಳಲ್ಲಿ ಒಂದು, ತನ್ನ ಮತವನ್ನು ಹೊಗಳಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ ಎಂದು ಸಾರುವ ಹನ್ನೆರಡನೆಯ ಶಾಸನ. ಪರಮತವನ್ನು ಗೌರವಿಸಿ ಎಂಬ ಬೌದ್ಧ ಅರಸನ ಮಾತನ್ನು ಶಕ್ತಿದೇವತೆಯೊಬ್ಬಳು ಶತಮಾನಗಳ ಕಾಲ ತನ್ನ ಪಾದದಡಿ ಇಟ್ಟುಕೊಂಡು ಕಾಪಾಡಿದ್ದಳು. ಆ ಚಪ್ಪಡಿಯಲ್ಲಿ ಪೀಠಕ್ಕಾಗಿ ತೂತು ಕೊರೆದದ್ದರಿಂದ ಕೆಲವು ಅಕ್ಷರಗಳು ಹೋದವು, ನಿಜ. ಆದರೆ ಅಲ್ಲಿ ಪೂಜೆ ನಡೆಯದೇ ಹೋಗಿದ್ದರೆ ಅದು ಯಾವುದೋ ಒಡ್ಡಿಗೋ ಬಾವಿಕಟ್ಟೆಗೋ ಹೋಗುತ್ತಿತ್ತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಮಹಾಸ್ತೂಪದ ಅವಶೇಷಗಳು ಹೊರಬಂದವು. ‘ರಾಯೊ ಅಸೋಕೊ’ ಎಂಬ ಬ್ರಾಹ್ಮಿ ಬರಹವಿರುವ, ಅರಸ-ಅರಸಿಯ ಉಬ್ಬುಶಿಲ್ಪ ಸಿಕ್ಕಿದ್ದು ಅಲ್ಲಿಯೇ. ಕೊಪ್ಪಳದ ಗವಿಮಠದ ಕತೆಯೂ ಇದಕ್ಕೆ ಹತ್ತಿರದ್ದು. 1931ರಲ್ಲಿ ಬೆಳಕಿಗೆ ಬಂದ ಶಾಸನ ಇರುವುದು ಜೀವಂತ ಮಠವೊಂದರ ಗುಡ್ಡದಲ್ಲಿ. ಜಟಿಂಗ ರಾಮೇಶ್ವರದಲ್ಲಿ ಶಾಸನ ಇರುವುದು ಬೆಟ್ಟದ ಮೇಲಿನ ಶಿವಾಲಯದ ಎದುರಿನಲ್ಲಿ. ಹಾಗಾಗಿ ಪೂಜೆಯ ಜಾಗ ಬೇರೆ, ಇತಿಹಾಸದ ಜಾಗ ಬೇರೆ ಎಂಬ ವಿಂಗಡಣೆ ನಮ್ಮ ನೆಲದ ಮೇಲೆ ನಿಲ್ಲುವುದಿಲ್ಲ. 1956ರ ನಾಗಪುರದ ದೀಕ್ಷೆಯ ನಂತರ ಅಂಬೇಡ್ಕರ್ ಅವರ ಹಾದಿಯಲ್ಲಿ ನಡೆಯುತ್ತಿರುವವರಿಗಂತೂ ಈ ಬಂಡೆಗಳು ಬರೀ ಪುರಾತನ ವಸ್ತುಗಳಲ್ಲ, ತಮ್ಮ ಧಮ್ಮದ ಹೆಜ್ಜೆಗುರುತುಗಳು.

ಈ ವಿಂಗಡಣೆಯನ್ನು ಸರ್ಕಾರವೇ ಕೈಹಾಕಿ ಮಾಡಿದರೆ ಏನಾಗುತ್ತದೆ ಎಂಬುದನ್ನೂ ಜಪಾನ್ ತೋರಿಸಿದೆ. ಅಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬುದ್ಧನೂ ಶಿಂತೋ ದೇವತೆಗಳೂ ಒಂದೇ ಆವರಣದಲ್ಲಿ ಪೂಜೆ ಪಡೆಯುತ್ತಿದ್ದರು. 1868ರಲ್ಲಿ ಮೇಜಿ ಸರ್ಕಾರ ಎರಡನ್ನೂ ಬೇರ್ಪಡಿಸಬೇಕೆಂದು ಆಜ್ಞೆ ಹೊರಡಿಸಿತು. ಅದರ ಬೆನ್ನಿಗೇ ಎಷ್ಟೋ ಬೌದ್ಧ ವಿಹಾರಗಳು, ಪ್ರತಿಮೆಗಳು, ಗ್ರಂಥಗಳು ನಾಶವಾದವು. 1906ರ ನಂತರ ಊರಿಗೊಂದೇ ಗುಡಿ ಸಾಕು ಎಂಬ ನೀತಿಯಲ್ಲಿ ಹಳ್ಳಿಯ ಸಣ್ಣ ಶಿಂತೋ ಗುಡಿಗಳನ್ನು ದೊಡ್ಡದರಲ್ಲಿ ವಿಲೀನ ಮಾಡುತ್ತ ಹೋದರು. ಕೆಲವೇ ವರ್ಷಗಳಲ್ಲಿ ಸುಮಾರು 70 ಸಾವಿರ ಗುಡಿಗಳು ಇಲ್ಲವಾದವು, ಅವುಗಳ ಸುತ್ತಲಿನ ದೇವರಕಾಡುಗಳಿಗೆ ಕೊಡಲಿ ಬಿತ್ತು. ಕುಮಾನೊ ಸೀಮೆಯ ವಿದ್ವಾಂಸ ಮಿನಾಕಾತಾ ಕುಮಾಗುಸು ಇದನ್ನು ವಿರೋಧಿಸಿ ಬರೆದರು, ಸೆರೆಮನೆಗೂ ಹೋದರು. ಹಳ್ಳಿಯ ಗುಡಿ ಹೋದರೆ ಅದರ ಮರ, ಹಬ್ಬ, ನೆರೆಹೊರೆಯ ಒಡನಾಟ ಎಲ್ಲವೂ ಹೋಗುತ್ತವೆ ಎಂಬುದು ಅವರ ವಾದವಾಗಿತ್ತು. ಅದೇ ಕುಮಾನೊದ ಯಾತ್ರಾದಾರಿಗಳು 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಾಚಿಯ ಜಲಪಾತದ ಬಳಿ ಶಿಂತೋ ಗುಡಿಯೂ ಬೌದ್ಧ ದೇವಾಲಯವೂ ಇಂದು ಮತ್ತೆ ಅಕ್ಕಪಕ್ಕದಲ್ಲಿ ಯಾತ್ರಿಕರನ್ನು ಬರಮಾಡಿಕೊಳ್ಳುತ್ತವೆ. ಸನ್ನತಿಯನ್ನು ಬೌದ್ಧರದ್ದೆಂದೋ ಶಾಕ್ತರದ್ದೆಂದೋ ಎಳೆದಾಡುವವರು, ಮಸ್ಕಿ ಗುಡ್ಡದ ಅಶೋಕನನ್ನೂ ಮಲ್ಲಿಕಾರ್ಜುನನನ್ನೂ ಎರಡು ಬೇರೆ ಇಲಾಖೆಗಳ ವಿಷಯವೆಂದು ಕಾಣುವವರು ಈ ಅನುಭವವನ್ನು ಗಮನಿಸಬೇಕು. ಹಿಂದೂ ಮುಸ್ಲಿಮರು ಕೂಡಿ ಮಾಡುವ ಮೊಹರಂ ಮುದಗಲ್ಲಿನಲ್ಲಿದೆ. ಒಂದೇ ಜಾಗಕ್ಕೆ ಬೇರೆ ಬೇರೆ ಭಕ್ತಿ ಹೊತ್ತು ಹೋಗುವುದು ಈ ಸೀಮೆಗೆ ಹೊಸತಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಜನ ಬಂದರೆ ಕಲ್ಲು ಸವೆಯುತ್ತದೆ. ಇದಕ್ಕೆ ಪುರಾವೆ ನಮ್ಮಲ್ಲೇ ಇದೆ. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರು ಸೀಮೆಯ ಮೂರು ಶಾಸನಗಳನ್ನು ಬೆಳಕಿಗೆ ತಂದಾಗ ಜಟಿಂಗ ರಾಮೇಶ್ವರದ್ದು ಬಹಳ ಅಳಿಸಿಹೋಗಿತ್ತು. ಆ ಬಂಡೆಯನ್ನು ಊರವರು ಬಳೆಗಾರ ಗುಂಡು ಎನ್ನುತ್ತಿದ್ದರು. ಜಾತ್ರೆಯ ಹೊತ್ತಿಗೆ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಅಷ್ಟೇ ಹಳೆಯದಾದ ಬ್ರಹ್ಮಗಿರಿಯ ಬಂಡೆ, ಜನ ಅಕ್ಷರಗುಂಡು ಎಂದು ಗುರುತಿಸಿಟ್ಟಿದ್ದ ಬಂಡೆ, ಇಂದಿಗೂ ಓದಲು ಬರುತ್ತದೆ. ಎರಡಕ್ಕೂ ಮಳೆ ಬಿಸಿಲು ಒಂದೇ, ಒಂದರ ಮೇಲೆ ಮಾತ್ರ ಜಾತ್ರೆಯ ಕಾಲು ಬಿದ್ದಿತ್ತು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಬಳೆಗಾರರ ತಪ್ಪು ಏನಿತ್ತು? ತಾವು ಕೂತದ್ದು ಎಂಥ ಬಂಡೆಯ ಮೇಲೆ ಎಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ತಿಳಿವಳಿಕೆಯೂ ಶಿಸ್ತೂ ಇಲ್ಲದ ಗುಂಪು ಸವೆಸುತ್ತದೆ, ನೇಮವುಳ್ಳ ಯಾತ್ರೆ ಕಾಯುತ್ತದೆ. ಜಪಾನಿನ ನಾಗಾನೊದ ಜೆಂಕೋಜಿ ದೇವಾಲಯದ ಮೂಲವಿಗ್ರಹವನ್ನು ಯಾರಿಗೂ ತೋರಿಸುವುದಿಲ್ಲ. ಅದರ ಪ್ರತಿರೂಪವನ್ನು, ಅಲ್ಲಿನ ಎಣಿಕೆಯಂತೆ ಏಳು ವರ್ಷಕ್ಕೊಮ್ಮೆ, ಹೊರಗೆ ತಂದಾಗ ಲಕ್ಷಾಂತರ ಜನ ಸೇರುತ್ತಾರೆ. ಮುಟ್ಟದೆಯೂ, ಕೆಲವೊಮ್ಮೆ ಕಾಣದೆಯೂ ದರ್ಶನ ಸಾರ್ಥಕವಾಗುತ್ತದೆ ಎಂಬುದು ಗರ್ಭಗುಡಿಯ ಹೊಸ್ತಿಲ ಆಚೆಯೇ ನಿಂತು ಕೈಮುಗಿಯುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಂಥದೇ ಅಳತೆಯ ದೂರ ಶಾಸನಕ್ಕೂ ಇರಲಿ. ಜಾಲರಿಯ ಈಚೆ ಕಲ್ಲಿನಲ್ಲೇ ಕೊರೆದ ಪ್ರತಿಯೊಂದಿರಲಿ, ಅದರ ಪಕ್ಕ ಕನ್ನಡ ಅನುವಾದವಿರಲಿ. ಮಕ್ಕಳು ಬೆರಳಾಡಿಸಬೇಕಾದದ್ದು ಪ್ರತಿಯ ಮೇಲೆ.

ಉಳಿದದ್ದು ದುಡ್ಡಿನ ಮಾತು. ಜಪಾನ್ ಶ್ರೀಮಂತ ದೇಶ, ನಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗಕ್ಕೆ ನೀರು ಬಂದರೆ ಸಾಕಾಗಿದೆ, ಇಂಥದ್ದರಲ್ಲಿ ಬಂಡೆ ಯಾತ್ರೆ ಯಾರಿಗೆ ಬೇಕು ಎನ್ನುವವರಿದ್ದಾರೆ. ನೀರಿನ ಚಿಂತೆ ನಿಜವಾದದ್ದು, ಅದಕ್ಕಿಂತ ದೊಡ್ಡದು ಈ ಭಾಗದಲ್ಲಿ ಯಾವುದೂ ಇಲ್ಲ. ಆದರೆ ಶಿಕೊಕುವಿನ ದಾರಿಯನ್ನು ಕಟ್ಟಿದ್ದು ಶ್ರೀಮಂತ ಜಪಾನ್ ಅಲ್ಲ. ಸಾಮಾನ್ಯ ಜನ ಕಾಲ್ನಡಿಗೆಯಲ್ಲಿ ಸುತ್ತಿ ಅದನ್ನು ಕಟ್ಟಿದ್ದು ಎದೊ ಕಾಲದಲ್ಲಿ, ಅಂದರೆ ರೈಲು, ಕಾರ್ಖಾನೆಗಳಿಗೂ ಮುಂಚೆ. ದಾರಿಯ ಹಳ್ಳಿಗಳು ಯಾತ್ರಿಕರಿಗೆ ಹಣ್ಣು, ಊಟ, ಮಲಗಲು ಜಾಗ ಕೊಡುವ ಪದ್ಧತಿ ಅಂದಿನಿಂದ ಬಂದದ್ದು. ಅದನ್ನು ಒಸೆತ್ತಾಯ್ ಎನ್ನುತ್ತಾರೆ, ಕೊಟ್ಟವರಿಗೇ ಪುಣ್ಯ ಎಂಬ ನಂಬಿಕೆ. ಈಗಂತೂ ಜಪಾನಿನ ಹಳ್ಳಿಗಳು ಯುವಕರಿಲ್ಲದೆ ಬರಿದಾಗುತ್ತಿವೆ, ಒಬ್ಬನೇ ಅರ್ಚಕ ಹತ್ತಾರು ಗುಡಿಗಳನ್ನು ನೋಡಿಕೊಳ್ಳುವ ಸ್ಥಿತಿ ಎಷ್ಟೋ ಕಡೆ ಇದೆ. ಅಂಥಲ್ಲಿ ಯಾತ್ರೆಯ ದಾರಿಯ ಮೇಲಿರುವ ಗುಡಿಗಳಿಗೆ ಜನರ ಆಸರೆ ಉಳಿದಿದೆ. ದಾರಿಹೋಕರಿಗೆ ಉಣಬಡಿಸುವುದರಲ್ಲಿ ನಾವು ಯಾರಿಗಿಂತಲೂ ಕಡಿಮೆಯಿಲ್ಲ. ಪ್ರತಿ ವರ್ಷ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳು ಚಕ್ಕಡಿ, ಟ್ರ್ಯಾಕ್ಟರ್‌ಗಳಲ್ಲಿ ಜೋಳದ ರೊಟ್ಟಿಯ ರಾಶಿ ಕಳಿಸುತ್ತವೆ, ಮಾದಲಿಯ ದಾಸೋಹ ದಿನಗಟ್ಟಲೆ ನಡೆಯುತ್ತದೆ. ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠದ ಜಾತ್ರೆಯೂ ಹೀಗೆಯೇ ಜನರ ಕೈಯಿಂದ ನಡೆಯುವಂಥದ್ದು. ಲಕ್ಷ ಜನಕ್ಕೆ ಅನ್ನ ಹಾಕಬಲ್ಲ ಸೀಮೆ ಇದು. ಗವಿಮಠದ ಗುಡ್ಡದಲ್ಲೇ ಅಶೋಕನ ಅಕ್ಷರಗಳಿವೆ ಎಂದು ಆ ಲಕ್ಷ ಜನಕ್ಕೆ ತಿಳಿಸುವುದು ಅದರ ಕೈಲಾಗದ ಕೆಲಸವೇನಲ್ಲ.

ಹಂಪಿಯ ಉದಾಹರಣೆ ಕೊಟ್ಟು, ಪ್ರವಾಸೋದ್ಯಮ ಎಂದರೆ ಹೋಟೆಲು, ರೆಸಾರ್ಟು, ಜಮೀನಿನ ಬೆಲೆ ಏರಿಕೆ ಎಂದು ಹೆದರುವವರಿಗೆ ಒಂದು ಮಾತು. ಹಂಪಿ ಒಂದೇ ಕಡೆ ಸಾವಿರಾರು ಜನರನ್ನು ಸೆಳೆಯುವ ಜಾಗ, ಆ ಒತ್ತಡಕ್ಕೆ ಕಾರಣ ಅದೇ. ಒಂಬತ್ತು ಊರುಗಳಿಗೆ ಹಂಚಿಹೋದ ಯಾತ್ರೆ ಯಾವ ಊರಿನ ಮೇಲೂ ಹಾಗೆ ಹೊರೆಯಾಗುವುದಿಲ್ಲ. ಒಂದೊಂದು ಊರಿಗೂ ಚಹಾದ ಅಂಗಡಿ, ಒಂದು ಖಾನಾವಳಿ, ಕತೆ ಹೇಳಬಲ್ಲ ಒಂದಿಬ್ಬರು ಯುವಕರಿಗೆ ಆಗುವಷ್ಟು ಕೆಲಸ ಸಿಗುತ್ತದೆ. ಕಾಲೇಜುಗಳ ಇತಿಹಾಸ ವಿಭಾಗಗಳು ಆ ಯುವಕರಿಗೆ ಬ್ರಾಹ್ಮಿ ಕಲಿಸಬಹುದು. ಆಸಕ್ತಿಯಿದ್ದವರಿಗೆ ಅದು ಕೆಲವು ವಾರಗಳ ಕಲಿಕೆ. ಶಿಕೊಕುವಿನಂತೆ ಒಂದು ಚಿಕ್ಕ ಪುಸ್ತಕವನ್ನೂ ಮಾಡಬಹುದು. ಒಂಬತ್ತು ನೆಲೆಗೆ ಒಂಬತ್ತು ಪುಟ, ಪ್ರತಿ ಊರಿನ ಶಾಲೆ ಅಥವಾ ಗ್ರಂಥಾಲಯದಲ್ಲಿ ಆ ಶಾಸನದ ಒಂದು ಪದವನ್ನು ಬ್ರಾಹ್ಮಿಯಲ್ಲಿ ಕೆತ್ತಿದ ಮುದ್ರೆ. ಮಸ್ಕಿಯ ಪುಟಕ್ಕೆ ಯಾವ ಪದ ಎಂದು ಯೋಚಿಸಬೇಕಾಗಿಯೇ ಇಲ್ಲ.

ಇದಕ್ಕೆಲ್ಲ ಬೆಂಗಳೂರಿನಿಂದ ಯೋಜನೆ ಬರಲಿ ಎಂದು ಕಾಯಬೇಕಿಲ್ಲ. ಮಸ್ಕಿಯ ಬಂಡೆಯ ಬಳಿ ನಿಟ್ಟೂರಿನ ದಾರಿಯನ್ನೂ, ನಿಟ್ಟೂರಿನಲ್ಲಿ ಬ್ರಹ್ಮಗಿರಿಯ ದಾರಿಯನ್ನೂ ದೂರ ಸಮೇತ ತೋರಿಸುವ ಕಲ್ಲು ನಿಲ್ಲಿಸಲು ಪುರಸಭೆ, ಗ್ರಾಮ ಪಂಚಾಯಿತಿಗಳ ಮನಸ್ಸು ಸಾಕು. ಬಳಗಾನೂರು, ಸಿಂಧನೂರು, ಲಿಂಗಸುಗೂರಿನ ಶಾಲೆಗಳು ವರ್ಷದ ಪ್ರವಾಸವನ್ನು ದೂರದ ಊರುಗಳಿಗೆ ಇಟ್ಟುಕೊಳ್ಳುವ ಮುನ್ನ ಒಂದು ದಿನವನ್ನು ಈ ದಾರಿಗೆ ತೆಗೆದಿಡಲಿ. ಗವಿಮಠದ ಜಾತ್ರೆಗೆ, ಚಂದ್ರಲಾಂಬೆಯ ದರ್ಶನಕ್ಕೆ ಹೋಗುವವರು ಅಲ್ಲಿನ ಶಾಸನ ಎಲ್ಲಿದೆ ಎಂದು ಕೇಳಿ ನೋಡಿಬನ್ನಿ, ಮುಂದಿನದು ಎಲ್ಲಿದೆ ಎಂದೂ ಕೇಳಿ.